ನಾರ್ಮಂಡಿಯ ಕಡಲತೀರದಲ್ಲಿ ಚರಿತ್ರೆಯ ಪಾಠ



ಚರಿತ್ರೆಯನ್ನು ನಾವು ಹೆಚ್ಚಾಗಿ ಪಠ್ಯಪುಸ್ತಕದಿಂದಲೇ ತಿಳಿಯುತ್ತೇವೆ. ಯುದ್ಧ ನಡೆದ ಇಸವಿ, ಗೆದ್ದವರು ಯಾರು, ಸೋತವರು ಯಾರು, ಒಪ್ಪಂದದ ಷರತ್ತುಗಳೇನು ಎಂಬುದನ್ನು ಬಾಯಿಪಾಠ ಮಾಡಿ ಪರೀಕ್ಷೆ ಬರೆದರೆ ಕೆಲಸ ಮುಗಿಯಿತೆಂದು ಭಾವಿಸುತ್ತೇವೆ. ‘1944ರ ಜೂನ್ 6ರಂದು ಮಿತ್ರರಾಷ್ಟ್ರಗಳ ಸೇನೆ ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಇಳಿಯಿತು’ ಎಂಬುದು ಎರಡನೆಯ ಮಹಾಯುದ್ಧದ ಪಾಠದಲ್ಲಿ ಬರುವ ಒಂದು ವಾಕ್ಯ. ಆ ಒಂದು ವಾಕ್ಯದ ಹಿಂದೆ ಎಷ್ಟು ಊರುಗಳು, ಎಷ್ಟು ಮನೆಗಳು, ಎಷ್ಟು ಗೋರಿಗಳಿವೆ ಎಂದು ತಿಳಿಯಬೇಕಾದರೆ ಆ ನೆಲದ ಮೇಲೆ ನಡೆದಾಡಬೇಕು. ಅಷ್ಟು ದೂರ ಹೋಗುವ ಅವಕಾಶ ಎಲ್ಲರಿಗೂ ಸಿಗುವುದಿಲ್ಲ. ಆದ್ದರಿಂದ ಈ ಕೆಲವು ಪುಟಗಳಲ್ಲಿ ನಿಮ್ಮನ್ನು ಅಲ್ಲಿಗೆ ಕರೆದೊಯ್ಯುತ್ತೇನೆ, ಬನ್ನಿ.

ಪ್ಯಾರಿಸ್ಸಿನ ಸೇಂಟ್ ಲಜಾರ್ ನಿಲ್ದಾಣದಲ್ಲಿ ರೈಲು ಹತ್ತಿದರೆ ಸುಮಾರು ಎರಡು ಗಂಟೆಗಳಲ್ಲಿ ಕಾನ್ ನಗರ ಸಿಗುತ್ತದೆ. ಚಲನಚಿತ್ರೋತ್ಸವಕ್ಕೆ ಹೆಸರಾದ ಕಾನ್ ದಕ್ಷಿಣ ಫ್ರಾನ್ಸಿನದು, ಇದು ಬೇರೆ. ಅಲ್ಲಿಂದ ಸ್ವಲ್ಪ ಮುಂದೆ ಹೋದರೆ ಬಾಯೂ ಎಂಬ ಪುಟ್ಟ ಪಟ್ಟಣ. ದಾರಿಯುದ್ದಕ್ಕೂ ಸೇಬಿನ ತೋಟಗಳು, ಮೇಯುತ್ತಿರುವ ಹಸುಗಳು, ಮಣ್ಣಿನ ದಿಬ್ಬದ ಮೇಲೆ ದಟ್ಟವಾಗಿ ಬೆಳೆದ ಬೇಲಿಗಳು. ಇಷ್ಟು ಶಾಂತವಾದ ನಾಡಿನಲ್ಲಿ ಅಂತಹ ಘೋರ ಯುದ್ಧ ನಡೆಯಿತೇ ಎಂದು ಯಾರಿಗಾದರೂ ಅಚ್ಚರಿಯಾಗದೆ ಇರದು.

ಕಡಲು ದಾಟಿದವರ ನಾಡು

ನಾರ್ಮಂಡಿ ಎಂಬ ಹೆಸರಿನಲ್ಲೇ ಅದರ ಚರಿತ್ರೆ ಅಡಗಿದೆ. ಉತ್ತರದ ಸ್ಕ್ಯಾಂಡಿನೇವಿಯಾದಿಂದ ಹಡಗುಗಳಲ್ಲಿ ಬಂದು ದಾಳಿ ಮಾಡುತ್ತಿದ್ದ ಜನರನ್ನು ‘ಉತ್ತರದವರು’ ಎಂದು ಕರೆಯುತ್ತಿದ್ದರು. 911ರಲ್ಲಿ ಫ್ರಾಂಕರ ದೊರೆ ಮೂರನೇ ಚಾರ್ಲ್ಸ್ ಅವರ ನಾಯಕ ರೊಲ್ಲೊನಿಗೆ ಸೇನ್ ನದಿಯ ಕೆಳದಂಡೆಯ ಪ್ರದೇಶವನ್ನು ಬಿಟ್ಟುಕೊಟ್ಟನು. ದಾಳಿಕೋರರು ಅಲ್ಲಿಯೇ ನೆಲೆಸಿ ಆ ನೆಲದ ಭಾಷೆಯನ್ನೂ ಧರ್ಮವನ್ನೂ ಸ್ವೀಕರಿಸಿದರು. ಅವರ ವಂಶದ ವಿಲಿಯಮ್ 1066ರಲ್ಲಿ ಕಡಲು ದಾಟಿ ಹೇಸ್ಟಿಂಗ್ಸ್ ಕಾಳಗದಲ್ಲಿ ಗೆದ್ದು ಇಂಗ್ಲೆಂಡಿನ ದೊರೆಯಾದನು.

ಆ ವಿಜಯದ ಕಥೆಯನ್ನು ಹೇಳುವ ಸುಪ್ರಸಿದ್ಧ ‘ಬಾಯೂ ಟೇಪೆಸ್ಟ್ರಿ’ ಈ ಪಟ್ಟಣದ ಹೆಸರನ್ನೇ ಹೊತ್ತಿದೆ. ನಿಜವಾಗಿ ಅದು ನೇಯ್ಗೆಯಲ್ಲ, ನಾರುಬಟ್ಟೆಯ ಮೇಲೆ ಉಣ್ಣೆಯ ದಾರದಿಂದ ಹಾಕಿದ ಕಸೂತಿ. ಉದ್ದ ಸುಮಾರು 70 ಮೀಟರ್, ಅಗಲ ಅರ್ಧ ಮೀಟರ್. ಮಧ್ಯದಲ್ಲಿ ದೊರೆಗಳು, ಕುದುರೆ ಸವಾರರು, ಹಡಗುಗಳು. ಕಾಳಗದ ದೃಶ್ಯ ಬಂದಾಗ ಕೆಳಗಿನ ಅಂಚನ್ನು ನೋಡಬೇಕು. ಅಲ್ಲಿ ಸತ್ತವರು ಬಿದ್ದಿದ್ದಾರೆ; ಅವರ ಮೈಮೇಲಿನ ಕವಚವನ್ನು ಯಾರೋ ಕಳಚುತ್ತಿದ್ದಾರೆ. ಗೆದ್ದವರು ನಡುವೆ, ಸತ್ತವರು ಅಂಚಿನಲ್ಲಿ! ಈ ಚಿತ್ರವನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. (ನವೀಕರಣಕ್ಕಾಗಿ ಇದರ ವಸ್ತುಸಂಗ್ರಹಾಲಯವನ್ನು 2025ರಲ್ಲಿ ಮುಚ್ಚಲಾಯಿತು. ಕಸೂತಿಯನ್ನು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ಎರವಲು ಕೊಡುವ ನಿರ್ಧಾರ ಅದೇ ವರ್ಷ ಪ್ರಕಟವಾಯಿತು.)

ನಾರ್ಮನ್ನರು ದಾಟಿದ್ದು ಒಂದೇ ಕಡಲನ್ನಲ್ಲ. ನಾರ್ಮಂಡಿಯ ಪಶ್ಚಿಮದ ಕೊತಾಂತಾಂ ಪರ್ಯಾಯದ್ವೀಪದಿಂದ ಹೊರಟ ಓತ್‌ವಿಲ್ ಮನೆತನದವರು 1061ರಿಂದ 1091ರ ಅವಧಿಯಲ್ಲಿ ಮುಸ್ಲಿಮರ ಆಳ್ವಿಕೆಯಲ್ಲಿದ್ದ ಸಿಸಿಲಿಯನ್ನು ಗೆದ್ದರು. ಆ ಮನೆತನದ ಎರಡನೇ ರೋಜರ್ ದೊರೆ ಅರಬ್ ವಿದ್ವಾಂಸರಿಗೆ ತನ್ನ ಆಸ್ಥಾನದಲ್ಲಿ ಗೌರವದ ಸ್ಥಾನ ಕೊಟ್ಟನು. ಭೂಗೋಳ ಶಾಸ್ತ್ರಜ್ಞ ಅಲ್ ಇದ್ರೀಸಿ ತನ್ನ ಮಹಾಗ್ರಂಥವನ್ನೂ ಭೂಪಟಗಳನ್ನೂ 1154ರಲ್ಲಿ ಪೂರ್ಣಗೊಳಿಸಿದ್ದು ಈ ದೊರೆಯ ಆಶ್ರಯದಲ್ಲಿಯೇ. ಕತ್ತಿ ಹಿಡಿದು ಹೋದವರು ವಿದ್ಯೆಯ ಮುಂದೆ ತಲೆಬಾಗಿದ ಈ ಪ್ರಸಂಗವೂ ನಾರ್ಮನ್ನರ ಚರಿತ್ರೆಗೆ ಸೇರಿದ್ದು.

1944ರ ಜೂನ್ 6

ಈಗ ಹಲವು ಶತಮಾನ ದಾಟಿ ಮುಂದೆ ಬರೋಣ. 1940ರಲ್ಲಿ ಫ್ರಾನ್ಸ್ ಹಿಟ್ಲರನ ಸೇನೆಗೆ ಶರಣಾಗಿತ್ತು. ಇಂಗ್ಲೆಂಡಿಗೆ ಅತ್ಯಂತ ಸಮೀಪದ ಫ್ರೆಂಚ್ ತೀರವೆಂದರೆ ಕ್ಯಾಲೆ. ದಾಳಿ ಅಲ್ಲಿಯೇ ನಡೆಯುತ್ತದೆಂದು ಜರ್ಮನರನ್ನು ನಂಬಿಸಲು ಮಿತ್ರರಾಷ್ಟ್ರಗಳು ಇಲ್ಲದ ಸೇನೆಯನ್ನು ಇದ್ದಂತೆ ತೋರಿಸಿದವು. ನಿಜವಾದ ದಾಳಿಗೆ ಆರಿಸಿಕೊಂಡದ್ದು ನಾರ್ಮಂಡಿಯನ್ನು. ಜೂನ್ 5ಕ್ಕೆ ಗೊತ್ತಾಗಿದ್ದ ದಾಳಿಯನ್ನು ಬಿರುಗಾಳಿಯ ಕಾರಣ ಸೇನಾಧಿಪತಿ ಐಸೆನ್‌ಹೋವರ್ ಒಂದು ದಿನ ಮುಂದೂಡಿದರು.

ಸುಮಾರು 80 ಕಿಲೋಮೀಟರ್ ಉದ್ದದ ತೀರವನ್ನು ಐದು ಭಾಗ ಮಾಡಿ ಯೂಟಾ, ಒಮಾಹಾ, ಗೋಲ್ಡ್, ಜೂನೋ, ಸೋರ್ಡ್ ಎಂಬ ಗುಪ್ತನಾಮಗಳನ್ನು ಇಡಲಾಗಿತ್ತು. ಮೊದಲೆರಡು ಅಮೆರಿಕನ್ನರ ಪಾಲಿಗೆ, ಗೋಲ್ಡ್ ಮತ್ತು ಸೋರ್ಡ್ ಬ್ರಿಟಿಷರ ಪಾಲಿಗೆ, ಜೂನೋ ಕೆನಡಾದವರ ಪಾಲಿಗೆ ಬಂದವು. ಸುಮಾರು 7,000 ನೌಕೆಗಳ ಬೆಂಬಲದೊಂದಿಗೆ ಆ ಒಂದೇ ದಿನ ಕಡಲು ಮತ್ತು ಆಕಾಶ ಮಾರ್ಗವಾಗಿ ಸುಮಾರು 1,56,000 ಸೈನಿಕರು ಬಂದಿಳಿದರು. ಮಿತ್ರಪಕ್ಷದ 4,400ಕ್ಕೂ ಹೆಚ್ಚು ಮಂದಿ ಆ ದಿನವೇ ಪ್ರಾಣ ಕಳೆದುಕೊಂಡರು.

ಒಮಾಹಾ ತೀರದಲ್ಲಿ ನಿಂತರೆ ಕಾರಣ ತಾನಾಗಿಯೇ ತಿಳಿಯುತ್ತದೆ. ಎದುರಿಗೆ ಎತ್ತರದ ಗುಡ್ಡ, ಅದರ ಮೇಲೆ ಜರ್ಮನರ ಕಾಂಕ್ರೀಟ್ ಕೋಟೆಗಳು, ಕೆಳಗೆ ಅಡಗಲು ಒಂದು ಪೊದೆಯೂ ಇಲ್ಲದ ಬಯಲು ಮರಳು. ಮೋಡ ಕವಿದಿದ್ದರಿಂದ ವಿಮಾನಗಳು ಹಾಕಿದ ಬಾಂಬುಗಳು ಗುರಿ ತಪ್ಪಿ ಹಿಂದಿನ ಹೊಲಗಳಲ್ಲಿ ಬಿದ್ದವು. ನೀರಿನಲ್ಲಿ ತೇಲಿಕೊಂಡು ಬರಲೆಂದು ಸಜ್ಜುಗೊಳಿಸಿದ್ದ ಒಂದು ತುಕಡಿಯ 29 ಟ್ಯಾಂಕುಗಳನ್ನು ಕಡಲಿಗೆ ಇಳಿಸಿದಾಗ 27 ಮುಳುಗಿಹೋದವು. ಇಂದು ಅದೇ ಮರಳಿನ ಮೇಲೆ ಮಕ್ಕಳು ಆಡುತ್ತಾರೆ.

ಪೂರ್ವಕ್ಕೆ ಆರೊಮಾಂಶ್ ಎಂಬ ಊರಿದೆ. ದೊಡ್ಡ ಬಂದರುಗಳು ಶತ್ರುವಿನ ವಶದಲ್ಲಿದ್ದುದರಿಂದ ಮಿತ್ರಸೇನೆ ಕಾಂಕ್ರೀಟಿನ ಬೃಹತ್ ಪೆಟ್ಟಿಗೆಗಳನ್ನು ಇಂಗ್ಲೆಂಡಿನಿಂದ ಎಳೆದು ತಂದು ಇಲ್ಲಿ ಕೃತಕ ಬಂದರನ್ನೇ ಕಟ್ಟಿತು. ಇಂತಹದೇ ಇನ್ನೊಂದು ಬಂದರು ಒಮಾಹಾದಲ್ಲಿತ್ತು; ಜೂನ್ ಮಧ್ಯಭಾಗದ ನಂತರ ಬೀಸಿದ ಬಿರುಗಾಳಿಗೆ ಅದು ನಾಶವಾಯಿತು. ಆರೊಮಾಂಶ್‌ನ ಅವಶೇಷಗಳು ಕಡಲಿನಲ್ಲಿ ಇಂದಿಗೂ ಕಾಣುತ್ತವೆ.

ಮೂರು ಸಮಾಧಿಭೂಮಿಗಳು

ಒಮಾಹಾ ತೀರದ ಗುಡ್ಡದ ಮೇಲೆ ಕೊಲ್‌ವಿಲ್ ಎಂಬಲ್ಲಿ ಅಮೆರಿಕದ ಸೈನಿಕರ ಸಮಾಧಿಭೂಮಿ ಇದೆ. ಹಸಿರು ಹುಲ್ಲಿನ ಮೇಲೆ 9,380ಕ್ಕೂ ಹೆಚ್ಚು ಬಿಳಿ ಅಮೃತಶಿಲೆಯ ಗುರುತುಗಳು ಸಾಲು ಸಾಲಾಗಿ ನಿಂತಿವೆ. ಕಾಣೆಯಾದ 1,557 ಮಂದಿಯ ಹೆಸರುಗಳನ್ನು ಒಂದು ಗೋಡೆಯ ಮೇಲೆ ಕೊರೆಯಲಾಗಿದೆ. ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟರ ಮಗನ ಸಮಾಧಿಯೂ ಸಾಮಾನ್ಯ ಸೈನಿಕರ ಸಾಲಿನಲ್ಲಿಯೇ ಇದೆ.

ಬಾಯೂವಿನಲ್ಲಿರುವುದು ಬ್ರಿಟನ್ ಮತ್ತು ಕಾಮನ್‌ವೆಲ್ತ್ ದೇಶಗಳ ಸಮಾಧಿಭೂಮಿ. ಇಲ್ಲಿ 4,100ಕ್ಕೂ ಹೆಚ್ಚು ಕಾಮನ್‌ವೆಲ್ತ್ ಸೈನಿಕರ ಜೊತೆಗೆ ಶತ್ರುಪಕ್ಷದ ಜರ್ಮನರೂ ಮಲಗಿದ್ದಾರೆ. ಅನೇಕ ಕಲ್ಲುಗಳ ಕೆಳಭಾಗದಲ್ಲಿ ತಂದೆತಾಯಿಯರೋ ಹೆಂಡತಿಯೋ ಬರೆಸಿದ ಒಂದೆರಡು ಸಾಲುಗಳಿವೆ. ಹೆಸರಿನ ಪಕ್ಕದ ವಯಸ್ಸನ್ನು ಓದುತ್ತಾ ಹೋಗಿ: 19, 20, 22. ನಮ್ಮ ಕಾಲೇಜುಗಳಲ್ಲಿ ಓದುತ್ತಿರುವ ಹುಡುಗರ ವಯಸ್ಸು! ಎದುರಿಗಿರುವ ಸ್ಮಾರಕದ ಮೇಲೆ ಲ್ಯಾಟಿನ್ ಭಾಷೆಯಲ್ಲಿ ಒಂದು ವಾಕ್ಯವಿದೆ. ಒಮ್ಮೆ ವಿಲಿಯಮ್‌ನಿಂದ ಸೋಲಿಸಲ್ಪಟ್ಟ ನಾವು ಆ ವಿಜೇತನ ತಾಯ್ನಾಡನ್ನು ಬಿಡುಗಡೆಗೊಳಿಸಿದೆವು ಎಂಬುದು ಅದರ ತಾತ್ಪರ್ಯ. 1066ಕ್ಕೂ 1944ಕ್ಕೂ ಈ ಒಂದು ಸಾಲು ಸೇತುವೆ ಕಟ್ಟಿದೆ.

ಮೂರನೆಯದು ಲಾ ಕಾಂಬ್‌ನಲ್ಲಿರುವ ಜರ್ಮನ್ ಸಮಾಧಿಭೂಮಿ. ಪ್ರವಾಸಿಗರು ಇಲ್ಲಿಗೆ ಬರುವುದು ಕಡಿಮೆ. ಕಪ್ಪು ಕಲ್ಲಿನ ಗಿಡ್ಡ ಶಿಲುಬೆಗಳ ನಡುವೆ 21,000ಕ್ಕೂ ಹೆಚ್ಚು ಮಂದಿಯನ್ನು ಮಣ್ಣು ಮಾಡಲಾಗಿದೆ. ಇವರೆಲ್ಲರೂ ಈ ಯುದ್ಧವನ್ನು ತಾವಾಗಿ ಆರಿಸಿಕೊಂಡವರಲ್ಲ ಎಂಬ ಮಾತು ಪ್ರವೇಶದ್ವಾರದ ಫಲಕದಲ್ಲಿದೆ. ಆ ಮಾತು ಸತ್ಯ. ಹಾಗೆಂದು ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. 1944ರ ಜೂನ್ 10ರಂದು ಒರಾದೂರ್ ಎಂಬ ಫ್ರೆಂಚ್ ಗ್ರಾಮದಲ್ಲಿ ಹೆಂಗಸರು ಮಕ್ಕಳೆನ್ನದೆ 640ಕ್ಕೂ ಹೆಚ್ಚು ಮಂದಿಯನ್ನು ಕೊಂದ ತುಕಡಿಯ ಮುಖ್ಯಸ್ಥನ ಸಮಾಧಿಯೂ ಇಲ್ಲಿಯೇ ಇದೆ. ಬಲವಂತದಿಂದ ಸೇನೆಗೆ ಸೇರಿಸಲ್ಪಟ್ಟ ಹುಡುಗನೂ ಕ್ರೂರ ಅಪರಾಧಿಯೂ ಅಕ್ಕಪಕ್ಕದಲ್ಲಿರುವ ನೆಲವಿದು. ಸತ್ತವನಿಗೆ ಗೋರಿ ಕೊಡುವುದು ಮಾನವೀಯತೆ. ಅವನು ಮಾಡಿದ್ದನ್ನು ಮರೆಯದಿರುವುದು ನ್ಯಾಯ. ಇವೆರಡೂ ಜೊತೆಯಾಗಿ ಇರಬೇಕು.

ಅಂಚಿನಲ್ಲಿ ಉಳಿದವರು

ಈ ಮೂರೂ ಸೈನಿಕರ ಸಮಾಧಿಗಳು. ಹಾಗಾದರೆ ಆ ನೆಲದಲ್ಲಿ ಬಾಳಿ ಬದುಕಿದ್ದ ಜನರು ಎಲ್ಲಿ? ಕಸೂತಿಯ ಅಂಚನ್ನು ಈಗ ನೆನಪಿಸಿಕೊಳ್ಳಿ.

ಜರ್ಮನ್ ಸೇನೆಯ ಸಂಚಾರವನ್ನು ತಡೆಯಲು ಮಿತ್ರರಾಷ್ಟ್ರಗಳು ರಸ್ತೆಗಳು ಕೂಡುವ ಪಟ್ಟಣಗಳ ಮೇಲೆಯೇ ಬಾಂಬು ಹಾಕಿದವು. ಊರು ಬಿಡಿ ಎಂದು ಎಚ್ಚರಿಸುವ ಕರಪತ್ರಗಳನ್ನು ವಿಮಾನದಿಂದ ಉದುರಿಸಿದ್ದರು. ಹಲವು ಕಡೆ ಅವು ಗಾಳಿಗೆ ಹಾರಿ ಹೊಲಗಳಲ್ಲಿ ಬಿದ್ದವು. ಸೇಂಟ್ ಲೋ ಪಟ್ಟಣ ಬಹುಪಾಲು ನೆಲಸಮವಾಯಿತು. ಹಿಟ್ಲರನ ಆಡಳಿತವನ್ನು ವಿರೋಧಿಸಿ ಅಲ್ಲಿನ ಜೈಲು ಸೇರಿದ್ದ ದೇಶಭಕ್ತರು, ತಮ್ಮನ್ನು ಬಿಡಿಸಲು ಬಂದವರ ಬಾಂಬಿಗೇ ಬಲಿಯಾದರು. ಆ ಜೈಲಿನ ಬಾಗಿಲೊಂದು ಮಾತ್ರ ಉಳಿದು ಇಂದು ಸ್ಮಾರಕವಾಗಿದೆ.

ಮೊದಲ ದಿನವೇ ವಶವಾಗಬೇಕೆಂದು ಯೋಜಿಸಿದ್ದ ಕಾನ್ ನಗರದ ಉತ್ತರ ಭಾಗ ಕೈಸೇರಿದ್ದು ಜುಲೈ 9ರಂದು. ಅಷ್ಟರಲ್ಲಿ ನಗರದ ದೊಡ್ಡ ಭಾಗ ಹಾಳಾಗಿತ್ತು. ಅಲ್ಲಿ ಸತ್ತ ನಾಗರಿಕರು ಸುಮಾರು 2,000. ವಿಲಿಯಮ್ ಕಟ್ಟಿಸಿದ, ಅವನದೇ ಸಮಾಧಿಯಿರುವ ಪುರಾತನ ಮಠದಲ್ಲಿ ಸಾವಿರಾರು ಜನ ಆಶ್ರಯ ಪಡೆದರು. ಇನ್ನೂ ಸಾವಿರಾರು ಮಂದಿ ಊರ ಹೊರಗಿನ ಹಳೆಯ ಕಲ್ಲುಗಣಿಗಳ ಕತ್ತಲಲ್ಲಿ ದಿನ ಕಳೆದರು. ಸೆಪ್ಟೆಂಬರ್ ತಿಂಗಳಲ್ಲಿ ಲ ಹಾವ್ರ್ ಬಂದರು ನಗರದ ಮೇಲಿನ ದಾಳಿಯಲ್ಲಿ ಮತ್ತೆ ಸುಮಾರು 2,000 ಮಂದಿ ಸತ್ತರು. ಒಟ್ಟಾರೆ ನಾರ್ಮಂಡಿಯಲ್ಲಿ ಪ್ರಾಣ ಕಳೆದುಕೊಂಡ ನಾಗರಿಕರ ಸಂಖ್ಯೆ ಸುಮಾರು 20,000 ಎಂದು ಅಂದಾಜು. ಬಿಡುಗಡೆ ಬೇಕಾಗಿತ್ತು, ಅದಕ್ಕೆ ತೆತ್ತ ಬೆಲೆಯೂ ಇಷ್ಟಿತ್ತು.

ಆದರೆ ಬಿಡುಗಡೆ ತಂದವರ ಕೈಯಿಂದಲೇ ಸಾವು ಬಂದಾಗ ಅದನ್ನು ಯಾರ ಮುಂದೆ ಹೇಳಿಕೊಳ್ಳುವುದು? ಜೂನ್ 6ರ ವಾರ್ಷಿಕ ಸಮಾರಂಭಗಳಲ್ಲಿ ಬಹುಕಾಲ ಈ ಜನರ ಮಾತು ಹೆಚ್ಚಾಗಿ ಕೇಳಿಬರಲಿಲ್ಲ. ಯುದ್ಧಕಾಲದ ನಾಗರಿಕರ ಬದುಕಿಗೇ ಮೀಸಲಾದ ಸ್ಮಾರಕ ಭವನ ಫಾಲೇಸ್ ಎಂಬ ಪಟ್ಟಣದಲ್ಲಿ ತೆರೆದದ್ದು 2016ರಲ್ಲಿ, ಅಂದರೆ 72 ವರ್ಷಗಳ ನಂತರ! ಬಾಂಬಿಗೆ ಕುಸಿದ ಮನೆಯೊಂದರ ಅವಶೇಷಗಳನ್ನು ಅಲ್ಲಿ ಗಾಜಿನ ನೆಲದ ಕೆಳಗೆ ಹಾಗೆಯೇ ಉಳಿಸಿಕೊಳ್ಳಲಾಗಿದೆ. ವಿಲಿಯಮ್ ಹುಟ್ಟಿದ ಊರೂ ಇದೇ ಫಾಲೇಸ್ ಎಂಬುದು ಗಮನಾರ್ಹ. 2024ರ ಜೂನ್ 5ರಂದು ಫ್ರಾನ್ಸಿನ ಅಧ್ಯಕ್ಷ ಮ್ಯಾಕ್ರೋನ್ ಸೇಂಟ್ ಲೋಗೆ ಬಂದು ಈ ನಾಗರಿಕರಿಗೆ ಶ್ರದ್ಧಾಂಜಲಿ ಅರ್ಪಿಸಿದರು.

ನಾವು ಕಲಿಯಬೇಕಾದುದು

ನಾರ್ಮಂಡಿಯ ಖ್ಯಾತಿಯ ಮುಂದೆ ಮಸುಕಾದ ಇತರರೂ ಇದ್ದಾರೆ. ಅದೇ 1944ರ ಆಗಸ್ಟಿನಲ್ಲಿ ದಕ್ಷಿಣ ಫ್ರಾನ್ಸಿನ ತೂಲೋನ್ ಮತ್ತು ಮಾರ್ಸೇಲ್ ನಗರಗಳನ್ನು ಬಿಡಿಸಿದ ಫ್ರೆಂಚ್ ಸೇನೆಯಲ್ಲಿ ಅಲ್ಜೀರಿಯಾ, ಮೊರಾಕ್ಕೊ, ಸೆನೆಗಲ್ ಮುಂತಾದ ವಸಾಹತುಗಳ ಸೈನಿಕರು ದೊಡ್ಡ ಸಂಖ್ಯೆಯಲ್ಲಿದ್ದರು. ಅದೇ ಜೂನ್ ತಿಂಗಳಲ್ಲಿ ನಮ್ಮ ದೇಶದ ಕೊಹಿಮಾ ಮತ್ತು ಇಂಫಾಲದಲ್ಲಿ ಜಪಾನೀಯರ ವಿರುದ್ಧದ ಹೋರಾಟ ನಡೆದಿತ್ತು. ಇಂಫಾಲದ ರಸ್ತೆ ತೆರೆದದ್ದು ಜೂನ್ 22ರಂದು. ಕೊಹಿಮಾದಲ್ಲಿಯೂ ಗೋರಿಗಳ ಸಾಲುಗಳಿವೆ, ಅಲ್ಲಿಯೂ ಕಲ್ಲಿನ ಮೇಲೆ ಭಾರತೀಯರ ಹೆಸರುಗಳಿವೆ. ನಾರ್ಮಂಡಿಯ ಹೆಸರು ಬಲ್ಲ ನಮ್ಮಲ್ಲಿ ಎಷ್ಟು ಜನರಿಗೆ ಕೊಹಿಮಾದ ಕಥೆ ಗೊತ್ತು?

ಪ್ರಿಯ ವಿದ್ಯಾರ್ಥಿಗಳೇ, ಮುಂದೆ ಯಾವ ಯುದ್ಧದ ಪಾಠ ಓದಿದರೂ ಗೆದ್ದವರು ಯಾರೆಂದು ತಿಳಿದ ಮೇಲೆ ಪುಸ್ತಕ ಮುಚ್ಚಬೇಡಿ. ಈ ಪುಟದಲ್ಲಿ ಯಾರ ಹೆಸರಿಲ್ಲ ಎಂದೂ ಕೇಳಿ. ನಿಮ್ಮ ಮನೆಯಲ್ಲಿ, ನೆರೆಹೊರೆಯಲ್ಲಿ, ಜಮಾಅತಿನಲ್ಲಿ ಇರುವ ಹಿರಿಯರ ಬಳಿ ಕುಳಿತು ಅವರು ಕಂಡ, ಅವರ ತಂದೆತಾಯಿಗಳಿಂದ ಕೇಳಿದ ಕಷ್ಟದ ದಿನಗಳ ನೆನಪುಗಳನ್ನು ಹೆಸರು, ಊರು, ಇಸವಿ ಸಹಿತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಾರ್ಮಂಡಿಯವರಿಗೆ ಆ ಸ್ಮಾರಕ ಭವನ ತೆರೆಯಲು 72 ವರ್ಷ ಬೇಕಾಯಿತು. ಆ ಹೊತ್ತಿಗೆ ನೆನಪು ಹೇಳಬೇಕಾಗಿದ್ದ ಬಹಳಷ್ಟು ಮಂದಿ ತೀರಿಕೊಂಡಿದ್ದರು. ನಮ್ಮ ಹಿರಿಯರ ವಿಷಯದಲ್ಲಿ ನಾವು ಅಷ್ಟು ತಡ ಮಾಡದಿರೋಣ.