ಸಡಿಲಾದ ಹಾಸುಗಲ್ಲು ಮತ್ತು ಸುಣ್ಣದ ಕಥೆ



ತೋಟದಲ್ಲೋ ಶಾಲೆಯ ಅಂಗಳದಲ್ಲೋ ನಡೆಯುವಾಗ ಕಾಲಡಿಯ ಹಾಸುಗಲ್ಲು 'ಕಟಕ್' ಎಂದು ಅಲುಗಿದ್ದನ್ನು ನೀವು ಗಮನಿಸಿರಬಹುದು. ನಾನು ಗಮನಿಸಿದ್ದು ಕ್ಯಾಮರಾದ ಮೂಲಕ. ಕೃಷ್ಣಾ ತೀರದ ಗಲಗಲಿಯ ಕಡೆ ಚಿತ್ರೀಕರಣಕ್ಕೆ ಹೋದಾಗ ಒಂದು ಮನೆಯ ಹೂದೋಟದ ಕಾಲುದಾರಿಯಲ್ಲಿ ಕ್ಯಾಮರಾ ನಿಲ್ಲಿಸಿದೆವು. ಪಕ್ಕದಲ್ಲಿ ಯಾರಾದರೂ ನಡೆದರೆ ಸಾಕು, ಚಿತ್ರವೆಲ್ಲ ನಡುಗುತ್ತಿತ್ತು. ಆ ಮನೆಯ ಅಜ್ಜಿ ಅದೇ ಕಲ್ಲಿಗೆ ಎಡವಿ ಬಿದ್ದು ಎರಡು ತಿಂಗಳು ಹಾಸಿಗೆ ಹಿಡಿದಿದ್ದರಂತೆ. ಮೂರು ಸಲ ಸಿಮೆಂಟು ಮೆತ್ತಿಸಿದ್ದರು. ಮೂರು ಸಲವೂ ಬಿರುಕು ಬಿಟ್ಟಿತ್ತು. ಆ ದಿನ ಬಂದಿದ್ದ ವಯಸ್ಸಾದ ಗೌಂಡಿ ಕಲ್ಲನ್ನು ಎಬ್ಬಿಸಿ ನೋಡಿ, "ಕಲ್ಲಿಂದೇನ್ ತಪ್ಪಿಲ್ರೀ ಸಾಹೇಬ್ರ, ಬುಡಾ ಸರಿ ಇಲ್ಲ" ಎಂದರು.

ಬುಡದಲ್ಲಿದ್ದದ್ದು ಎರೆಮಣ್ಣು. ಅದು ಮಳೆಯಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ಮೇಲಿನ ಸಿಮೆಂಟಿಗೆ ಬಾಗುವುದು ಗೊತ್ತಿಲ್ಲ, ಒಡೆಯುವುದು ಮಾತ್ರ ಗೊತ್ತು.

ಹಿಂದಿನವರು ಏನು ಮಾಡುತ್ತಿದ್ದರು? ಇದೇ ಬಾಗಲಕೋಟೆ ಜಿಲ್ಲೆಯ ಪಟ್ಟದಕಲ್ಲಿಗೆ ಹೋಗಿ ನೋಡಿ. 8ನೆಯ ಶತಮಾನದ ಆ ದೇವಾಲಯಗಳಲ್ಲಿ ಕಲ್ಲು ಕಲ್ಲಿನ ನಡುವೆ ಗಾರೆಯೇ ಇಲ್ಲ. ನುಣುಪಾಗಿ ಕೆತ್ತಿದ ಕಲ್ಲುಗಳು ತಮ್ಮ ಭಾರದಿಂದಲೇ ಕೂತಿವೆ. ವಿಜಯಪುರದ ಆದಿಲಶಾಹಿ ಅರಸರು ಹಿಡಿದ ದಾರಿ ಬೇರೆ. 17ನೆಯ ಶತಮಾನದ ಗೋಲಗುಮ್ಮಟದ ಆ ಭಾರಿ ಗುಮ್ಮಟ ಇಟ್ಟಿಗೆ ಮತ್ತು ಸುಣ್ಣದ ಗಾರೆಯದು.

ಸುಣ್ಣದ ರಸಾಯನ ನಿಮ್ಮ ಪಠ್ಯದಲ್ಲೇ ಇದೆ. ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹೊರಟು ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಹಾಕಿದರೆ ಬುಸುಗುಟ್ಟಿ ಅರಳುತ್ತದೆ. ಮರಳು ಬೆರೆಸಿ, ಎತ್ತು ತಿರುಗಿಸುವ ಗಾಣದಲ್ಲಿ ಅರೆದು ಹಚ್ಚಿದರೆ, ಗಾಳಿಯಲ್ಲಿನ ಅದೇ ಅನಿಲವನ್ನು ನಿಧಾನವಾಗಿ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಬೆಂದ ಇಟ್ಟಿಗೆಯ ಪುಡಿ, ಅಂದರೆ ಸುರ್ಕಿ, ಸೇರಿಸಿದರೆ ನೀರಿನಲ್ಲೂ ಗಟ್ಟಿಯಾಗುತ್ತದೆ. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆಯನ್ನು ಕಟ್ಟಿದ್ದು ಈ ಸುರ್ಕಿ ಗಾರೆಯಿಂದ.

ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಪೇಟೆಂಟ್ ಪಡೆದದ್ದು 1824ರಲ್ಲಿ. ಬೇಗ ಗಟ್ಟಿಯಾಗುವ ಅದು ಕ್ರಮೇಣ ಸುಣ್ಣವನ್ನು ಮೂಲೆಗೆ ತಳ್ಳಿತು. ಸಿಮೆಂಟನ್ನು ನಾನು ಬೈಯುವುದಿಲ್ಲ. ನಾನಿರುವ ಮನೆಯೂ ಅದರದ್ದೇ. ಆದರೆ ಹಳೆಯ ಸುಣ್ಣದ ಗೋಡೆಗೆ ಅದನ್ನು ಮೆತ್ತುವಾಗ ಎಚ್ಚರ ಬೇಕು. ಸುಣ್ಣದ ಸಂದಿನಿಂದ ತೇವ ಹೊರಹೋಗುತ್ತದೆ. ಸಿಮೆಂಟು ಆ ಬಾಯಿ ಮುಚ್ಚಿದರೆ ತೇವ ಕಲ್ಲಿನ ಮೂಲಕವೇ ಹೊರಬರಬೇಕು. ಜತೆಗೆ ಬಂದ ಲವಣ ಹರಳುಗಟ್ಟಿ ಕಲ್ಲಿನ ಮೈಯನ್ನು ಚಕ್ಕೆ ಚಕ್ಕೆಯಾಗಿ ಎಬ್ಬಿಸುತ್ತದೆ. ಹೀಗೆ ರಿಪೇರಿಯೇ ರೋಗವಾಗಬಹುದು.

ಗೌಂಡಿ ಮಾಡಿದ್ದು ಇಷ್ಟು. ಕಲ್ಲುಗಳಿಗೆ ಸೀಮೆಸುಣ್ಣದಿಂದ ನಂಬರು ಹಾಕಿ ತೆಗೆದರು. ಹಳೆಯ ಸಿಮೆಂಟನ್ನು ಉಳಿಯಿಂದ ಕೆರೆದರು. ಎರೆಮಣ್ಣು ತೋಡಿ ಗರಸು ತುಂಬಿ, ನೀರು ಚಿಮುಕಿಸಿ ದಮ್ಮಸು ಹಾಕಿದರು. ಸುಣ್ಣ, ಮರಳು, ಸುರ್ಕಿಯ ಗಾರೆ ಹಾಸಿ, ನೆನೆಸಿದ ಕಲ್ಲನ್ನು ಮರದ ಕೊಡತಿಯಿಂದ ತಟ್ಟಿ ಕೂಡಿಸಿದರು. ನೀರು ಹರಿಯಲು ಒಂದು ಕಡೆಗೆ ತುಸು ಇಳಿಜಾರು ಕೊಟ್ಟು, ಮೇಲೆ ಒದ್ದೆ ಗೋಣಿತಟ್ಟು ಹೊದಿಸಿದರು.

ಸಂಜೆಯ ಬೆಳಕು ಚೆನ್ನಾಗಿತ್ತು. ಕ್ಯಾಮರಾ ಇಡಬಹುದೇ ಎಂದು ಕೇಳಿದೆ. "ಎಂಟ್ ದಿನಾ ಬಿಟ್ಟು ಬರ್ರಿ" ಎಂದರು. ಉಳಿದ ಭಾಗವನ್ನು ಮನೆಯ ಕಟ್ಟೆಯ ಮೇಲೆ ಮುಗಿಸಿದೆವು.