ಅಡಿಕೆ ತೋಟ ಚೆನ್ನಾಗಿದ್ದರೆ

ನಮ್ಮ ಸೋದರತ್ತೆ ಮದುವೆಯಾದ ಮೇಲೆ ಕಛೇರಿ ಬಿಟ್ಟರು. ಹಾಡು ಬಿಡಲಿಲ್ಲ. ಗೌರಿ ಹಬ್ಬಕ್ಕೆ, ಆರತಿಗೆ, ಬೀಗರು ಬಂದಾಗ ಅವರೇ ಹಾಡಬೇಕು. ಅತ್ತೆಮನೆಯವರೇ ಕರೆದು ಕೂರಿಸುತ್ತಿದ್ದರು. ‘ಸಭೆಯಲ್ಲಿ ಮಾತ್ರ ಬೇಡಮ್ಮ’ ಅಂದಿದ್ದರಂತೆ. ಹೆನ್ರಿಯೆಟ್ ಸೋಂಟಾಗ್ ಎಂಬ ಜರ್ಮನ್ ಅಪೆರಾ ಗಾಯಕಿಯ ಕಥೆ ಓದುವಾಗಲೆಲ್ಲ ನನಗೆ ಅತ್ತೆಯದೇ ನೆನಪು.

ಸೋಂಟಾಗ್ 1806ರಲ್ಲಿ ಕೋಬ್ಲೆನ್ಸ್‌ನಲ್ಲಿ, ನಾಟಕದವರ ಮನೆಯಲ್ಲಿ ಹುಟ್ಟಿದವಳು. 1824ರ ಮೇ 7ರಂದು ವಿಯೆನ್ನಾದ ಕೆರ್ಂಟ್ನರ್‌ಟೋರ್ ರಂಗಮಂದಿರದಲ್ಲಿ ಬೀಥೋವನ್‌ನ ಒಂಬತ್ತನೇ ಸಿಂಫನಿ ಮೊದಲ ಸಲ ಕೇಳಿಬಂದಾಗ ಸೊಪ್ರಾನೊ ಭಾಗ ಹಾಡಿದ್ದು ಈ ಹದಿನೆಂಟರ ಹುಡುಗಿ. ತಾರಸ್ಥಾಯಿಯ ಸ್ವರಗಳನ್ನು ಒಂದಿಷ್ಟು ಇಳಿಸಿ ಎಂದು ಆಕೆಯೂ ಜೊತೆಗಾತಿ ಕರೋಲಿನ್ ಉಂಗರ್ ಕೂಡ ಗೋಗರೆದರೂ ಆ ಕಿವುಡ ಮಹಾಶಯ ಜಗ್ಗಲಿಲ್ಲ. ಬಳಿಕ ಬರ್ಲಿನ್, ಪ್ಯಾರಿಸ್, ಲಂಡನ್: ಎಲ್ಲಿ ಹೋದರೂ ಜನಕ್ಕೆ ಸೋಂಟಾಗ್ ಹುಚ್ಚು.

ಆಮೇಲೆ ಮದುವೆ. ಗಂಡ ಕೌಂಟ್ ಕಾರ್ಲೊ ರೋಸಿ, ಸಾರ್ಡೀನಿಯಾ ರಾಜ್ಯದ ರಾಜತಾಂತ್ರಿಕ. ಹುಡುಗಿ ನಾಟಕದವಳಾದ್ದರಿಂದ ಮದುವೆಯನ್ನು ಮೊದಮೊದಲು ಗುಟ್ಟಾಗಿಟ್ಟರು. ಪ್ರಷ್ಯದ ದೊರೆ ಕುಲೀನ ಪದವಿ ಕೊಟ್ಟು ಅಂತಸ್ತಿನ ತೊಡಕು ಬಿಡಿಸಿದ. 1830ರಲ್ಲಿ ಆಕೆ ರಂಗ ಬಿಟ್ಟಳು. ಫ್ರಾಂಕ್‌ಫರ್ಟ್, ಸೇಂಟ್ ಪೀಟರ್ಸ್‌ಬರ್ಗ್, ಮತ್ತೆ ಬರ್ಲಿನ್ ಎಂದು ಗಂಡನ ವರ್ಗಾವಣೆ ಆದಲ್ಲೆಲ್ಲ ದೊಡ್ಡವರ ದಿವಾನಖಾನೆಗಳಲ್ಲಿ, ಧರ್ಮಾರ್ಥ ಸಭೆಗಳಲ್ಲಿ ಹಾಡಿದಳು. ಸಂಭಾವನೆ ಮುಟ್ಟದಿದ್ದರೆ ಎಲ್ಲವೂ ಮರ್ಯಾದೆಯೇ!

1848ರಲ್ಲಿ ಯುರೋಪಿನ ತುಂಬ ಕ್ರಾಂತಿ. ರೋಸಿ ಮನೆತನದ ಆಸ್ತಿ ಕರಗಿತು. ಅತ್ತ ಲಂಡನ್ನಿನ ಹರ್ ಮೆಜೆಸ್ಟೀಸ್ ಥಿಯೇಟರಿನ ವ್ಯವಸ್ಥಾಪಕ ಲಮ್ಲಿಗೆ ಬೇರೆಯದೇ ಪೇಚು: 1849ರ ಮೇನಲ್ಲಿ ಅವನ ತಾರಾ ಗಾಯಕಿ ಜೆನ್ನಿ ಲಿಂಡ್ ಅಪೆರಾಕ್ಕೆ ಶರಣು ಹೊಡೆದು ಹೋಗಿದ್ದಳು. ಆತ ಕೌಂಟೆಸ್‌ಗೆ ಕರೆ ಕಳಿಸಿದ. ಜುಲೈನಲ್ಲಿ, ನಲವತ್ತಮೂರರ ವಯಸ್ಸಿನಲ್ಲಿ, ಹತ್ತೊಂಬತ್ತು ವರ್ಷಗಳ ಮೇಲೆ ಸೋಂಟಾಗ್ ಮತ್ತೆ ರಂಗಕ್ಕೆ ಬಂದಳು.

ಆರಿಸಿಕೊಂಡ ಅಪೆರಾ ನೋಡಿ: ಡೋನಿಜೆಟ್ಟಿಯ ‘ಲಿಂಡಾ ದಿ ಶಮೂನಿ’. ಆಕೆ ರಂಗ ಬಿಟ್ಟಾಗ ಅದಿನ್ನೂ ಹುಟ್ಟಿರಲಿಲ್ಲ. 1842ರಲ್ಲಿ ಮೊದಲು ಆಡಿದ್ದು ಅದೇ ಕೆರ್ಂಟ್ನರ್‌ಟೋರ್‌ನಲ್ಲಿ. ಲಿಂಡಾ ಸವಾಯ್ ಬೆಟ್ಟದ ಬಡ ಹುಡುಗಿ. ಸವಾಯ್ ಆಗ ಗಂಡನ ಸಾರ್ಡೀನಿಯಾ ರಾಜ್ಯಕ್ಕೇ ಸೇರಿತ್ತು. ನಾಯಕನ ಹೆಸರೂ ಕಾರ್ಲೊ! ಪ್ಯಾರಿಸ್ಸಿನಲ್ಲಿ ಸಿರಿವಂತೆಯಂತೆ ಬಾಳುತ್ತಿರುವ ಲಿಂಡಾಳ ಮನೆಗೆ ಅಪ್ಪ ಬೇಡುತ್ತ ಬರುತ್ತಾನೆ. ಆಕೆ ಮಗಳೆಂದು ತಿಳಿದದ್ದೇ, ಮಾನ ಮಾರಿ ಗಳಿಸಿದ ದುಡ್ಡು ಎಂದುಕೊಂಡು ಶಪಿಸುತ್ತಾನೆ. ಅವಳಿಗೆ ಬುದ್ಧಿ ಕದಡುತ್ತದೆ. ಮನೆ ಉಳಿಸಲು ಬಂದ ಕೌಂಟೆಸ್ ಆ ದೃಶ್ಯವನ್ನು ಹೇಗೆ ಹಾಡಿದಳೋ!

ಶಾರೀರ ಹೆಚ್ಚೇನೂ ಮುಕ್ಕಾಗಿರಲಿಲ್ಲವೆಂದು ಅಂದಿನ ಕೇಳುಗರು ಬೆರಗಾದರು. ನನಗಂತೂ ಬೆರಗಿಲ್ಲ. ಸಾಧನೆ ನಿಂತಿದ್ದರೆ ತಾನೆ? ಸಂಗೀತ ಪಾಠ ಹೇಳುವ ನಾನು ಕಂಡಂತೆ, ಸಣ್ಣ ದನಿಯಲ್ಲಿ ದಿನಾ ಹಾಡಿಕೊಂಡ ಗಂಟಲು ಬೇಗ ಸೋಲುವುದಿಲ್ಲ.

1852ರಲ್ಲಿ ಅಮೆರಿಕಕ್ಕೆ ಹೋದಳು. ಅಲ್ಲಿಂದ ಮೆಕ್ಸಿಕೊ. ಊರಿನಲ್ಲಿ ಕಾಲರಾ, 1854ರ ಜೂನ್ 17ರಂದು ಮೆಕ್ಸಿಕೊ ನಗರದಲ್ಲೇ ತೀರಿಕೊಂಡಳು.

ಅತ್ತೆಯ ಗಂಡನ ಮನೆಗೆ ಅಂಥ ಕಷ್ಟವೇನೂ ಬರಲಿಲ್ಲ. ಅವರ ಅಡಿಕೆ ತೋಟ ಕೊನೆತನಕ ಚೆನ್ನಾಗಿಯೇ ನಡೆಯಿತು.