ಪಟ್ಟಿಯಿಂದ ಕಾಣೆಯಾದವರು

2009ರಲ್ಲಿ ಒಂದು ಕಾಲೇಜಿಗೆ ವಿದ್ಯಾರ್ಥಿವೇತನದ ಪಟ್ಟಿ ತೆಗೆಯೋ ಪ್ರೋಗ್ರಾಮ್ ಬರೆದುಕೊಟ್ಟಿದ್ದೆ. ವಿದ್ಯಾರ್ಥಿಗಳದು ಒಂದು ಟೇಬಲ್ಲು, ಬ್ಯಾಂಕ್ ಖಾತೆಗಳದು ಇನ್ನೊಂದು. ಎರಡನ್ನೂ ಜಾಯಿನ್ ಮಾಡಿದೆ, ಪಟ್ಟಿ ಚೆಂದವಾಗೇ ಬಂತು. ಖಾತೆ ತೆರೆಯದಿದ್ದವರು ಮಾತ್ರ ಅದರಲ್ಲಿ ಇರಲೇ ಇಲ್ಲ. ಖಾತೆಯ ಜಾಗ ಖಾಲಿ ಇದ್ದಿದ್ದರೆ ಗುಮಾಸ್ತರು ಕರೆದು ಕೇಳುತ್ತಿದ್ದರು. ಸಾಲೇ ಇಲ್ಲದಿದ್ದರೆ ಯಾರನ್ನ ಕರೆಯೋದು? ಒಬ್ಬ ಹುಡುಗಿ ಕೌಂಟರಿಗೆ ಬಂದು ನನ್ನ ಹೆಸರೆಲ್ಲಿ ಅಂತ ಕೇಳಿದಾಗಲೇ ತಿಳಿದಿದ್ದು. ತಪ್ಪು ನನ್ನದೇ. ಬೇಕಿದ್ದದ್ದು ಲೆಫ್ಟ್ ಔಟರ್ ಜಾಯಿನ್: ಎಡಗಡೆಯ ಟೇಬಲ್ಲಿನವರೆಲ್ಲ ಉಳಿಯಬೇಕು, ಬಲಗಡೆ ಜೋಡಿ ಸಿಗದಿದ್ದರೆ ಆ ಜಾಗದಲ್ಲಿ ನಲ್, ಅಂದರೆ ಖಾಲಿ.

ಈ ಜಾಯಿನ್ ಎಲ್ಲ ಕಡೆಯೂ ತಡವಾಗಿ ಬಂದ ನೆಂಟ. ಐಬಿಎಂನ ಎಡ್ಗರ್ ಕಾಡ್ ರಿಲೇಶನಲ್ ಮಾದರಿಯನ್ನು ಮುಂದಿಟ್ಟದ್ದು 1970ರಲ್ಲಿ, ಔಟರ್ ಜಾಯಿನ್ ಸೇರಿಸಿ ಅದನ್ನು ಹಿಗ್ಗಿಸಿದ್ದು 1979ರಲ್ಲಿ. ಎಸ್‌ಕ್ಯೂಎಲ್ ಸ್ಟ್ಯಾಂಡರ್ಡಿಗೆ ಅದು ಹೊಕ್ಕಿದ್ದು 1992ಕ್ಕೆ. ಅಲ್ಲಿಯವರೆಗೆ ಒಬ್ಬೊಬ್ಬರದು ಒಂದೊಂದು ಗುರುತು: ಒರಾಕಲ್‌ನವರು ಆವರಣದೊಳಗೆ ಪ್ಲಸ್ ಹಾಕುತ್ತಿದ್ದರು, ಸೈಬೇಸ್‌ನವರು ಸಮ ಚಿಹ್ನೆಯ ಪಕ್ಕ ನಕ್ಷತ್ರ.

2007ರ ನವೆಂಬರಿನಲ್ಲಿ ಡಾಟ್‌ನೆಟ್ 3.5 ಜೊತೆ ಲಿಂಕ್ ಬಂತು. ಸಿ ಶಾರ್ಪ್ ಒಳಗೇ ಕ್ವೆರಿ ಬರೆಯೋ ಸೌಕರ್ಯ. ನನ್ನ ಪಟ್ಟಿಯೂ ಅದರಲ್ಲೇ ಬರೆದದ್ದು. ಫ್ರಂ, ವೇರ್, ಜಾಯಿನ್ ಎಲ್ಲ ಇವೆ; ಲೆಫ್ಟ್ ಜಾಯಿನ್ ಅನ್ನೋ ಪದವೇ ಇಲ್ಲ!

ಸುತ್ತುದಾರಿ ಇತ್ತು. ಜಾಯಿನ್ ಕೊನೆಗೆ 'ಇಂಟು' ಹಾಕಿದರೆ ಪ್ರತಿ ವಿದ್ಯಾರ್ಥಿಗೂ ಖಾತೆಗಳ ಒಂದು ಗುಂಪು ಸಿಗುತ್ತೆ. ಖಾತೆ ಇಲ್ಲದವರಿಗೆ ಖಾಲಿ ಗುಂಪು. ಆಮೇಲೆ ಇನ್ನೊಂದು ಫ್ರಂ ಬರೆದು ಗುಂಪು ಬಿಚ್ಚಬೇಕು. ಬಿಚ್ಚುವಾಗ 'ಡಿಫಾಲ್ಟ್ ಇಫ್ ಎಂಪ್ಟಿ' ಅಂತ ಸೇರಿಸಿದರೆ ಖಾಲಿ ಗುಂಪಿನಲ್ಲಿ ಒಂದು ನಲ್ ಕೂರುತ್ತೆ, ಸಾಲು ಉಳಿಯುತ್ತೆ. ಮರೆತಿರೋ, ಖಾಲಿ ಗುಂಪಿನಿಂದ ಏನೂ ಹೊರಬರಲ್ಲ, ಆ ಹುಡುಗಿ ಮತ್ತೆ ಕಾಣೆ. ಕಂಪೈಲರ್ ತುಟಿಪಿಟಕ್ ಅನ್ನಲ್ಲ.

ಹಾಗಂತ ಲಿಂಕ್ ಕಟ್ಟಿದವರನ್ನ ಪೂರ್ತಿ ಬಯ್ಯಲಾರೆ. ಆಬ್ಜೆಕ್ಟ್‌ಗಳ ಲೋಕದಲ್ಲಿ ಒಬ್ಬ ವಿದ್ಯಾರ್ಥಿ, ಅವನ ಕೈಯಲ್ಲೊಂದು ಖಾತೆಗಳ ಚೀಲ ಅನ್ನೋದೇ ಸಹಜ. ಖಾಲಿ ಇದ್ದರೂ ಚೀಲ ಚೀಲವೇ. ಆದರೆ ವರದಿ ಕೇಳೋರಿಗೆ ಬೇಕಾದ್ದು ಸಾಲುಗಳು ತಾನೆ?

2025ರ ನವೆಂಬರಿನಲ್ಲಿ, ಹದಿನೆಂಟು ವರ್ಷ ಕಳೆದ ಮೇಲೆ, ಡಾಟ್‌ನೆಟ್ 10ರಲ್ಲಿ 'ಲೆಫ್ಟ್ ಜಾಯಿನ್' ಹೆಸರಿನ ಮೆಥಡ್ಡೇ ಬಂತು. ಅದೂ ಮೆಥಡ್ ಆಗಿ ಮಾತ್ರ. ನನ್ನ ಹಾಗೆ ಫ್ರಂ ಅಂತ ಶುರುಮಾಡಿ ಕ್ವೆರಿ ಬರೆಯೋರಿಗೆ ಅದೇ ಹಳೇ ಇಂಟು, ಅದೇ ಡಿಫಾಲ್ಟ್ ಇಫ್ ಎಂಪ್ಟಿಯೇ ಗತಿ.